ಹೋಟೆಲ್ ಆಮೇಲೆ, ಮೊದಲು ದಡ ನೋಡಿ

ನಮಸ್ಕಾರ. ಡಿಸೆಂಬರ್ ರಜೆ ಹತ್ತಿರ ಬಂತು. ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತೇನೆ, ಈ ತಿಂಗಳು ಬಂತೆಂದರೆ ಅಪ್ಪ ಅಮ್ಮಂದಿರೆಲ್ಲ ಕೇಳುವುದು ಒಂದೇ ಮಾತು: "ಮೇಡಂ, ಚಳಿ ತಪ್ಪಿಸಿಕೊಂಡು ಕೆರಿಬಿಯನ್ ಕಡೆ ಹೋಗ್ತಿದ್ದೇವೆ, ಯಾವ ಹೋಟೆಲ್ ಒಳ್ಳೆಯದು?" ಹೋಟೆಲ್ ಆಮೇಲೆ ನೋಡಿದರಾಯಿತು. ಮೊದಲು ದ್ವೀಪದ ಯಾವ ದಡ ಅಂತ ನೋಡಿ. ಚಿಕ್ಕ ಮಕ್ಕಳಿದ್ದರೆ ಪಶ್ಚಿಮದ ದಡ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ನನಗೆ ಚೆನ್ನಾಗಿ ಗೊತ್ತಿರುವುದು ಬಾರ್ಬಡೋಸ್. 2024ರ ಜೂನ್ 29ರಂದು, ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ, ಭಾರತ ಟಿ20 ವಿಶ್ವಕಪ್ ಗೆದ್ದಿತಲ್ಲ, ಅದೇ ದ್ವೀಪ. ಉದ್ದ ಸುಮಾರು 34 ಕಿಲೋಮೀಟರ್, ಅಗಲ 23. ಭೂಪಟದಲ್ಲಿ ಬೆಂಗಳೂರಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ, ಎರಡೂ 13 ಡಿಗ್ರಿ ಉತ್ತರದಲ್ಲಿವೆ.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಮಳೆಗಾಲದ ಕಡಲು ನೋಡಿದ್ದೀರಲ್ವಾ? ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ, ಅಲೆ ಎದ್ದು ಬಂದು ಅಪ್ಪಳಿಸುತ್ತದೆ. ಬಾರ್ಬಡೋಸ್‌ನಲ್ಲಿ ಗಾಳಿ ವರ್ಷಪೂರ್ತಿ ಪೂರ್ವದಿಂದ ಬರುತ್ತದೆ, ಆ ಕಡೆ ಆಫ್ರಿಕಾದವರೆಗೆ ಅಡ್ಡ ಏನೂ ಇಲ್ಲ, ಬರೀ ಅಟ್ಲಾಂಟಿಕ್. ಪಶ್ಚಿಮದ ದಡಕ್ಕೆ ಮಾತ್ರ ಇಡೀ ದ್ವೀಪವೇ ಗೋಡೆಯ ಹಾಗೆ ನಿಂತಿದೆ. ಸೇಂಟ್ ಲೂಸಿಯಾ, ಆಂಟಿಗುವಾ ಕಡೆಗೂ ಗಾಳಿ ಪೂರ್ವದ್ದೇ.

ಇದು ಗೊತ್ತಿಲ್ಲದೆ ನಾವು ಮೊದಲ ಸಲ ಹೋದಾಗ ಬಾತ್‌ಶೀಬಾದಲ್ಲಿ ಮನೆ ಹಿಡಿದೆವು. ಪೂರ್ವದ ದಡ. ಫೋಟೋ ಅಷ್ಟು ಚೆಂದ ಇತ್ತು, ನೀರಿನ ನಡುವೆ ಅಣಬೆಯ ಹಾಗೆ ನಿಂತ ದೊಡ್ಡ ದೊಡ್ಡ ಬಂಡೆಗಳು. ಮಗಳಿಗೆ ಆಗ 6 ವರ್ಷ, ಮಗನಿಗೆ 3. ಮೊದಲ ದಿನ ಬೆಳಗ್ಗೆ ಮಗ ಕೈ ಬಿಡಿಸಿಕೊಂಡು ನೀರಿಗೆ ಓಡಿದ. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ. ಅಲೆ ವಾಪಸ್ ಹೋಗುವಾಗ ಅವನ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು, ಮಗು ದೊಪ್ಪನೆ ಕುಳಿತ, ಕುಳಿತವನು ಹಾಗೇ ಜಾರಿಕೊಂಡು ಹೋಗುತ್ತಿದ್ದಾನೆ, ನಾನು ಕೂಗುವಷ್ಟರಲ್ಲಿ ಯಜಮಾನರು ಅಂಗಿ ಹಿಡಿದು ಎಳೆದರು. ಅಷ್ಟು ವರ್ಷದಿಂದ ಈಜು ಕಲಿಸುವ ನನ್ನ ಕೈಕಾಲು ತಣ್ಣಗಾಗಿತ್ತು. ಅಲ್ಲೇ ಎಳನೀರು ಮಾರುತ್ತಿದ್ದ ಅಜ್ಜಿಯೊಬ್ಬರು ಮಗನ ತಲೆ ಒರೆಸಿ, ಅವರ ಊರಿನ ಗಾದೆ ಹೇಳಿದರು: ಸಮುದ್ರಕ್ಕೆ ಹಿಂಬಾಗಿಲು ಇಲ್ಲ. ಅಂದರೆ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರಲು ಅದೇನು ಮನೆಯಲ್ಲ. "ಮಕ್ಕಳನ್ನು ಆ ಕಡೆ ಕರೆದುಕೊಂಡು ಹೋಗಿ" ಅಂತ ಬೆಟ್ಟದ ಕಡೆ ಕೈ ತೋರಿಸಿದರು.

ಮಾರನೇ ದಿನ ಬಸ್ ಹತ್ತಿ ಪಶ್ಚಿಮದ ಕಡೆ ಇರುವ ರಾಜಧಾನಿ ಬ್ರಿಜ್‌ಟೌನ್‌ಗೆ ಹೋದೆವು, ಅಲ್ಲಿಂದ ನಡೆದು ಕಾರ್ಲೈಲ್ ಬೇ ಅನ್ನುವ ಬೀಚಿಗೆ. ಅದೇ ದ್ವೀಪ, ಆದರೆ ನೀರು ನಮ್ಮೂರ ಕೆರೆಯ ಹಾಗೆ ಸುಮ್ಮನಿತ್ತು. ಮಗ ಮೊದಲ ದಿನ ಮರಳು ಬಿಟ್ಟು ಅಲ್ಲಾಡಲಿಲ್ಲ. ಎರಡನೇ ದಿನ ಕಾಲಿಟ್ಟ. ಮೂರನೇ ದಿನ ನನ್ನ ತೊಡೆಯ ಮೇಲೆ ನೀರಿನಲ್ಲಿ ಕುಳಿತು, ಉಸಿರಿಗೆ ಮೇಲೆ ಬರುವ ಆಮೆಗಳ ತಲೆ ಎಣಿಸಿದ. ಈಗ ಬಾತ್‌ಶೀಬಾಕ್ಕೆ ಹೋಗುವುದೇ ಬೇಡವಾ ಅಂದರೆ, ಖಂಡಿತ ಹೋಗಿ. ಬಂಡೆ ನೋಡಿ, ಊಟ ಮಾಡಿ, ಸಂಜೆಯೊಳಗೆ ವಾಪಸ್ ಬನ್ನಿ. ನೀರಿಗೆ ಮಾತ್ರ ಪಶ್ಚಿಮದ ದಡ.

"ತೋಳಿಗೆ ಗಾಳಿ ತುಂಬುವ ಟ್ಯೂಬ್ ಹಾಕಿದ್ದೇವಲ್ಲ ಮೇಡಂ" ಅಂತೀರಿ. ಎಷ್ಟು ಸಲ ಹೇಳಲಿ, ಅದು ಆಟದ ಸಾಮಾನು. ಮಗು ನೀರಿನಲ್ಲಿದ್ದರೆ ನೀವೂ ನೀರಿನಲ್ಲಿರಬೇಕು, ಕೈಗೆ ಸಿಗುವಷ್ಟು ಹತ್ತಿರ, ಫೋನ್ ಚೀಲದಲ್ಲಿ. ಕೆಂಪು ಬಾವುಟ ಹಾರುತ್ತಿದ್ದರೆ ಪಶ್ಚಿಮದಲ್ಲೂ ಇಳಿಯಬೇಡಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬಿಸಿಲು ನಮ್ಮೂರಿನದೇ, ಆದರೆ ಗಾಳಿಗೆ ಸುಡುವುದು ಗೊತ್ತಾಗುವುದಿಲ್ಲ, 10 ಗಂಟೆಯಿಂದ 4ರವರೆಗೆ ಮಕ್ಕಳು ನೆರಳಿನಲ್ಲಿರಲಿ. ನೆರಳು ಅಂದರೆ ಸಿಕ್ಕ ಮರ ಅಲ್ಲ. ಬೀಚಿನಲ್ಲಿ ಮ್ಯಾಂಚಿನೀಲ್ ಅಂತ ಮರ ಇರುತ್ತದೆ, ಅದರ ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ, ಚಿಕ್ಕ ಸೇಬಿನಂತಹ ಹಣ್ಣು ವಿಷ, ಮಳೆಯಲ್ಲಿ ಅದರ ಕೆಳಗೆ ನಿಲ್ಲಲೂ ಬಾರದು. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ನಮ್ಮ ಅತ್ತೆಯವರು ಅಂಥದ್ದೇ ಒಂದರ ಕೆಳಗೆ ಜಮಖಾನೆ ಹಾಸಿದ್ದರು, ಪಕ್ಕದವರು ಕೂಗಿ ಎಬ್ಬಿಸಿದರು. ಮಕ್ಕಳಿಗೆ ಮೊದಲೇ ಹೇಳಿ, ಬಿದ್ದ ಹಣ್ಣು ಮುಟ್ಟಬಾರದು ಅಂತ.

ಊಟಕ್ಕೆ ಹೆದರಬೇಡಿ, ಬೇಳೆ ತುಂಬಿದ ರೊಟ್ಟಿ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು. ಇನ್ನೊಂದು, ಮಿಲಿಟರಿಯವರ ಹಾಗೆ ಹಸಿರು ಕಂದು ಚುಕ್ಕೆಯ ಬಟ್ಟೆ ಅಲ್ಲಿ ಜನ ಹಾಕುವಂತಿಲ್ಲ, ಕಾನೂನು, ಮಕ್ಕಳಿಗೂ ಅಷ್ಟೇ. ಸೂಟ್‌ಕೇಸ್‌ನಲ್ಲಿ ಅಂಥ ಚಡ್ಡಿ ಇದ್ದರೆ ಈಗಲೇ ತೆಗೆದಿಡಿ. ನಮಸ್ಕಾರ.