ಮೂರು ಗಂಟೆ, ಒಬ್ಬನೇ ಮನುಷ್ಯ: ಬ್ಯೂನಸ್ ಐರಿಸ್, 1955

ನಮಸ್ಕಾರ. ಬೈಕಿನ ಸೈಲೆನ್ಸರ್ ಕಾಲಿಗೆ ತಾಗಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಹಿಂದಿನ ಸೀಟಿನಿಂದ ಇಳಿಯುವಾಗ ಮೀನಖಂಡಕ್ಕೆ ಒಂದು ಸಲ ತಾಗುತ್ತದೆ, ಅಷ್ಟೇ. ಕಾಲು ಎಳೆದುಕೊಳ್ಳುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಸಂಜೆಗೆ ಬೊಬ್ಬೆ. ಆಮೇಲೆ ವಾರಗಟ್ಟಲೆ ಪ್ಯಾಂಟು ತಾಗಿದರೂ ಉರಿ. ನನ್ನ ಬಲಗಾಲಿನಲ್ಲಿ ಆ ಗುರುತು ಈಗಲೂ ಇದೆ.

ಈಗ ಹೀಗೆ ಯೋಚನೆ ಮಾಡಿ. ಅಂಥ ಬಿಸಿ ಕಬ್ಬಿಣದ ಪಕ್ಕದಲ್ಲೇ ಕಾಲು ಇಟ್ಟುಕೊಂಡು ಕೂರಬೇಕು. ಎಳೆದುಕೊಳ್ಳಲು ಜಾಗ ಇಲ್ಲ, ಯಾಕೆಂದರೆ ಅದೇ ಕಾಲಿನಲ್ಲಿ ಪೆಡಲ್ ತುಳಿಯಬೇಕು. ಹೊರಗೆ ನೆರಳಿನಲ್ಲೇ ಸುಮಾರು 40 ಡಿಗ್ರಿ. ಟಾರಿನ ಮೇಲೆ 50 ದಾಟಿದೆ. ಹೀಗೇ ಮೂರು ಗಂಟೆ. ಆ ಮೂರು ಗಂಟೆ ಸುಮ್ನೆ ಕೂರುವುದೂ ಅಲ್ಲ, ಜಗತ್ತಿನ ಅತಿ ವೇಗದ ಡ್ರೈವರ್‌ಗಳ ವಿರುದ್ಧ ರೇಸ್ ಗೆಲ್ಲಬೇಕು.

1955ರ ಜನವರಿ 16ರಂದು ಹುವಾನ್ ಮ್ಯಾನುಯೆಲ್ ಫಾಂಜಿಯೊ ಮಾಡಿದ್ದು ಇದನ್ನೇ. ಆ ವರ್ಷದ ಫಾರ್ಮುಲಾ ಒನ್ ಸೀಸನ್ನಿನ ಮೊದಲ ರೇಸ್ ಅದು. ನಡೆದದ್ದು ಅವರದೇ ದೇಶ ಅರ್ಜೆಂಟೀನಾದಲ್ಲಿ, ಬ್ಯೂನಸ್ ಐರಿಸ್‌ನಲ್ಲಿ.

ಫಾಂಜಿಯೊ ಅಂದ ತಕ್ಷಣ ರೇಸ್ ಅಭಿಮಾನಿಗಳು ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕಿನ 1957ರ ಕಥೆ ಹೇಳುತ್ತಾರೆ. ಪಿಟ್‌ನಲ್ಲಿ, ಅಂದರೆ ನಡುವೆ ಕಾರು ನಿಲ್ಲಿಸಿ ಸರಿಮಾಡಿಕೊಳ್ಳುವ ಜಾಗದಲ್ಲಿ, ತಡವಾಗಿ, ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದು, ಲ್ಯಾಪ್ ದಾಖಲೆಯನ್ನು, ಅಂದರೆ ಒಂದು ಸುತ್ತಿನ ದಾಖಲೆಯನ್ನು, ಮತ್ತೆ ಮತ್ತೆ ಮುರಿದು, ಮುಂದಿದ್ದ ಹಾಥಾರ್ನ್ ಮತ್ತು ಕಾಲಿನ್ಸ್ ಇಬ್ಬರನ್ನೂ ಹಿಂದೆ ಹಾಕಿದ್ದು. ದೊಡ್ಡ ರೇಸ್, ಒಪ್ಪುತ್ತೇನೆ. ಆದರೆ ಅವರ ಜೀವನದ ಅತಿ ದೊಡ್ಡ ಗೆಲುವು ಅದಲ್ಲ, 1955ರ ಬ್ಯೂನಸ್ ಐರಿಸ್ ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಜನವರಿ ಅಂದರೆ ನಮಗೆ ಚಳಿಗಾಲ. ಅಲ್ಲಿ ಅದು ನಡುಬೇಸಿಗೆ. ಯುರೋಪಿನ ಡ್ರೈವರ್‌ಗಳು ಹಿಮ ಬೀಳುವ ಊರುಗಳಿಂದ ಹೊರಟು ನೇರವಾಗಿ ಆ ಒಲೆಯೊಳಗೆ ಬಂದಿಳಿದಿದ್ದರು. ಟ್ರ್ಯಾಕ್ ಒಂದು ಸುತ್ತಿಗೆ ಸುಮಾರು 3.9 ಕಿಲೋಮೀಟರ್. ಅಂಥ 96 ಸುತ್ತು. ಒಟ್ಟು 375 ಕಿಲೋಮೀಟರ್. ಬೆಂಗಳೂರಿನಿಂದ ಹಾವೇರಿ ದಾಟುವಷ್ಟು ಎನ್ನಿ.

ಆಗಿನ ಕಾರುಗಳ ಬಗ್ಗೆ ಒಂದು ಮಾತು. ಈಗ ಎಂಜಿನ್ ಡ್ರೈವರ್ ಬೆನ್ನ ಹಿಂದೆ ಇರುತ್ತದೆ. ಆಗ ಮುಂದೆ ಇರುತ್ತಿತ್ತು. ಓಡುವಾಗ ಅದರ ಬಿಸಿ ಎಲ್ಲ ಡ್ರೈವರ್ ಕಾಲಿನ ಮೇಲೇ. ಫಾಂಜಿಯೊ ಓಡಿಸಿದ ಮರ್ಸಿಡಿಸ್ ಡಬ್ಲ್ಯೂ 196ರಲ್ಲಿ ಕಾಲು ಅಗಲಿಸಿ ಕೂರಬೇಕು. ಒಂದು ಪೆಡಲ್ ಆ ಕಡೆ, ಉಳಿದವು ಈ ಕಡೆ, ನಡುವೆ ಯಂತ್ರ. ಮೈಮೇಲೆ ಹತ್ತಿಯ ಅಂಗಿ, ಕಣ್ಣಿಗೆ ಗಾಗಲ್ಸ್. ಪವರ್ ಸ್ಟಿಯರಿಂಗ್ ಅನ್ನುವ ಮಾತೇ ಇಲ್ಲ. ಹೆಲ್ಮೆಟ್ಟಿನೊಳಗೆ ನೀರು ಬರುವ ಪೈಪೂ ಇಲ್ಲ.

ರೇಸ್ ಶುರುವಾಯಿತು. ಎಲ್ಲರಿಗಿಂತ ಮುಂದೆ ನಿಂತಿದ್ದವರು ಇನ್ನೊಬ್ಬ ಅರ್ಜೆಂಟೀನಾದವರು, ಫೆರಾರಿಯ ಗೊನ್ಸಾಲೆಸ್. ಲಾನ್ಸಿಯಾದ ಅಸ್ಕಾರಿಯೂ ಒಂದಷ್ಟು ಹೊತ್ತು ಮುಂದಿದ್ದರು, ಆಮೇಲೆ ಕಾರು ಜಾರಿ ರೇಸಿನಿಂದಲೇ ಹೊರಬಿದ್ದರು. ಅಲ್ಲಿಂದಾಚೆಗೆ ಅದು ಕಾರುಗಳ ರೇಸ್ ಆಗಿ ಉಳಿಯಲಿಲ್ಲ. ಯಾರ ಮೈ ಎಷ್ಟು ಹೊತ್ತು ತಡೆಯುತ್ತದೆ ಅನ್ನುವುದಷ್ಟೇ ಉಳಿಯಿತು.

ಆಗಿನ ನಿಯಮದಲ್ಲಿ ಒಂದು ಕಾರನ್ನು ಒಬ್ಬರಿಗಿಂತ ಜಾಸ್ತಿ ಜನ ಓಡಿಸಬಹುದಿತ್ತು. ಸುಸ್ತಾದವರು ಪಿಟ್‌ಗೆ ಬಂದು ಇಳಿಯುತ್ತಾರೆ, ಸುಧಾರಿಸಿಕೊಂಡವರು ಹತ್ತುತ್ತಾರೆ. ಬಂದ ಪಾಯಿಂಟ್ ಹಂಚಿಕೊಳ್ಳುತ್ತಾರೆ. ಅವತ್ತು ಪಿಟ್‌ನಲ್ಲಿ ನಡೆದದ್ದು ಇದೇ ಕೆಲಸ. ಲಾನ್ಸಿಯಾದ ಕಾಸ್ತೆಲೊತ್ತಿ ಬಿಸಿಲಿಗೆ ಪೂರ್ತಿ ಬಳಲಿ ಕಾರನ್ನು ಬೇರೆಯವರ ಕೈಗೆ ಕೊಟ್ಟರು. ಅವರಿಗೆ ಬರೀ 24 ವರ್ಷ. ಫಾಂಜಿಯೊಗೆ ಆಗ 43, ನೆನಪಿರಲಿ.

ಸ್ಟರ್ಲಿಂಗ್ ಮಾಸ್ ಅವರದಂತೂ ಬೇರೆಯೇ ಕಥೆ. ಮರ್ಸಿಡಿಸ್ ಪರವಾಗಿ ಅವರ ಮೊದಲ ಗ್ರ್ಯಾನ್ ಪ್ರಿ ಅದು. ಶಾಖಕ್ಕೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಕಾರು ನಿಂತುಬಿಟ್ಟಿತು. ಮಾಸ್ ಇಳಿದು ಟ್ರ್ಯಾಕ್ ಪಕ್ಕ ಹಾಗೇ ಮಲಗಿಕೊಂಡರು. ಬಿಸಿಲಿಗೆ ಬಿದ್ದಿದ್ದಾರೆ ಅಂದುಕೊಂಡು ಅಲ್ಲಿನವರು ಆಂಬುಲೆನ್ಸಿಗೆ ಹಾಕಿಕೊಂಡು ಹೊರಟೇಬಿಟ್ಟರು! ನನಗೇನೂ ಆಗಿಲ್ಲ ಅಂತ ಹೇಳೋಣವೆಂದರೆ ಅವರಿಗೆ ಸ್ಪ್ಯಾನಿಷ್ ಬಾರದು. ಹೇಗೋ ಬಿಡಿಸಿಕೊಂಡು ಪಿಟ್‌ಗೆ ಬಂದು, ಸಹ ಆಟಗಾರ ಹೆರ್ಮನ್ ಅವರ ಕಾರು ಹತ್ತಿದರು.

ಈಗ ಫಲಿತಾಂಶ ನೋಡಿ. ಈ ರೇಸಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಎರಡನೇ ಸ್ಥಾನದ ಫೆರಾರಿಯನ್ನು ಓಡಿಸಿದವರು ಮೂವರು: ಗೊನ್ಸಾಲೆಸ್, ಫರೀನಾ, ತ್ರಾಂತಿನ್ಯಾನ್. ಮೂರನೇ ಸ್ಥಾನದ ಫೆರಾರಿಗೂ ಮೂವರು: ಫರೀನಾ, ಮಾಲ್ಯೋಲಿ, ತ್ರಾಂತಿನ್ಯಾನ್. ಹೌದು, ಫರೀನಾ ಮತ್ತು ತ್ರಾಂತಿನ್ಯಾನ್ ಎರಡೂ ಕಾರಿನಲ್ಲಿದ್ದಾರೆ, ಎರಡರ ಪಾಯಿಂಟಿನಲ್ಲೂ ಪಾಲು ಪಡೆದರು. ನಾಲ್ಕನೇ ಸ್ಥಾನದ ಮರ್ಸಿಡಿಸ್: ಹೆರ್ಮನ್, ಕ್ಲಿಂಗ್, ಮಾಸ್. ಅಂದರೆ ಮೂರು ಕಾರು, ಏಳು ಜನ. ಆ ಏಳು ಜನರಲ್ಲಿ ಒಬ್ಬರು ಇಳಿದಾಗ ಇನ್ನೊಬ್ಬರು ಹತ್ತುತ್ತಾ, ನೀರು ಸುರಿದುಕೊಳ್ಳುತ್ತಾ, ನೆರಳಿನಲ್ಲಿ ಕೂತು ಎದ್ದು ಬರುತ್ತಾ ಬೆನ್ನಟ್ಟಿದರು.

ಮುಂದೆ ಇದ್ದದ್ದು ಒಬ್ಬರೇ. ನಡುವೆ ಪಿಟ್‌ಗೆ ಬಂದು ಬಾಯಾರಿಕೆ ತೀರಿಸಿಕೊಂಡರು. ಸೀಟು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಮೂರು ಗಂಟೆ 38 ಸೆಕೆಂಡಿಗೆ ರೇಸ್ ಮುಗಿಸಿದರು. ಎರಡನೆಯವರಿಗಿಂತ ಸುಮಾರು ಒಂದೂವರೆ ನಿಮಿಷ ಮುಂದೆ. ಅವತ್ತಿನ ಅತಿ ವೇಗದ ಲ್ಯಾಪ್ ಕೂಡ ಅವರದೇ.

ಅಷ್ಟು ಹೊತ್ತು ಒಬ್ಬರೇ ಓಡಿಸಿ ಕೊನೆ ಮುಟ್ಟಿದ ಇನ್ನೊಬ್ಬರು ಇದ್ದಾರೆ. ಮಸೆರಾಟಿಯ ರೊಬೆರ್ತೊ ಮಿಯೆರೆಸ್, ಐದನೇ ಸ್ಥಾನ. ಅವರೂ ಅರ್ಜೆಂಟೀನಾದವರೇ. ಇಡೀ ಮೈದಾನದಲ್ಲಿ ಸೀಟು ಬಿಡದೆ ಕೊನೆಯವರೆಗೆ ಓಡಿದವರು ಇವರಿಬ್ಬರೇ.

ಇಲ್ಲಿಗೆ ಬರಬೇಕಿತ್ತು ನಾನು. ತವರಿನಲ್ಲಿ ಗೆದ್ದರೆ ನಾವೆಲ್ಲ ತಕ್ಷಣ ಹೇಳುವ ಮಾತು ಏನು? ಜನರ ಕೂಗು ಗೆಲ್ಲಿಸಿತು ಅಂತ. ನನಗೆ ಆ ಮಾತು ಪೂರ್ತಿ ಸರಿ ಅನ್ನಿಸುವುದಿಲ್ಲ. ಕ್ರಿಕೆಟ್ಟಿನಲ್ಲಿ ಸರಿ ಇರಬಹುದು. ಎಂಜಿನ್ ಕಿವಿಯ ಪಕ್ಕದಲ್ಲೇ ಗುಡುಗುವಾಗ ಯಾರ ಕೂಗು ಕೇಳುತ್ತದೆ? ತವರಿನ ಜನ ಭಾರ ಆಗುವುದೂ ಉಂಟು. ಅದೇ ಟ್ರ್ಯಾಕಿನಲ್ಲಿ 1953ರಲ್ಲಿ ಜನ ಬೇಲಿ ದಾಟಿ ಟ್ರ್ಯಾಕ್ ಅಂಚಿಗೇ ಬಂದು ನಿಂತರು. ಅಡ್ಡ ಬಂದ ಒಬ್ಬ ಹುಡುಗನನ್ನು ತಪ್ಪಿಸಲು ಹೋಗಿ ಫರೀನಾ ಕಾರು ಗುಂಪಿನೊಳಗೆ ನುಗ್ಗಿತು. ಎಷ್ಟೋ ಜನ ಸತ್ತರು. ಫಾಂಜಿಯೊ ಅವತ್ತು ಕಾರು ಕೆಟ್ಟು ಅರ್ಧದಲ್ಲೇ ನಿಂತರು. ಜನ ಅಷ್ಟು ಪ್ರೀತಿ ಸುರಿದರೂ ಅವರ ಕಾರು ಕೊನೆ ಮುಟ್ಟಲಿಲ್ಲ.

ಹಾಗಾದರೆ 1955ರಲ್ಲಿ ತವರು ಏನು ಕೊಟ್ಟಿತು? ಬಿಸಿಲು ಅಭ್ಯಾಸ ಇರುವ ಮೈ ಕೊಟ್ಟಿತು ಅನ್ನಬಹುದು. ಅದೂ ಸಾಲದು. ಗೊನ್ಸಾಲೆಸ್ ಅದೇ ಮಣ್ಣಿನವರು, ಗಟ್ಟಿಮುಟ್ಟಾದ ಆಳು. 1951ರಲ್ಲಿ ಫೆರಾರಿಗೆ ವಿಶ್ವ ಚಾಂಪಿಯನ್‌ಶಿಪ್ಪಿನ ಮೊದಲ ಗೆಲುವು ತಂದವರು ಅವರೇ. ಅವರೂ ಅವತ್ತು ಸೀಟು ಬಿಟ್ಟು ಇಳಿಯಬೇಕಾಯಿತು. ಹಿಂದಿನ ವರ್ಷದ ಅಪಘಾತದಲ್ಲಿ ಗಾಯ ಮಾಡಿಕೊಂಡಿದ್ದರು. ಅದನ್ನು ಮರೆತು ಮಾತಾಡಿದರೆ ಅವರಿಗೆ ಅನ್ಯಾಯ. ಹುಟ್ಟಿದ ದೇಶ ಒಂದೇ ಇದ್ದರೆ ಸಾಕಾಗುವುದಿಲ್ಲ ಅನ್ನುವುದಕ್ಕೆ ಅವರನ್ನು ನೆನೆಸಿದೆ.

ಉತ್ತರ ಇನ್ನೂ ಹಿಂದಕ್ಕೆ ಇದೆ ಅಂತ ನನ್ನ ಲೆಕ್ಕ. ಫಾಂಜಿಯೊ ಬಾಲ್ಕಾರ್ಸೆ ಅನ್ನುವ ಸಣ್ಣ ಊರಿನವರು. ಇಟಲಿಯಿಂದ ಬಂದು ನೆಲೆಸಿದವರ ಮಗ. ಹುಡುಗನಾಗಿದ್ದಾಗಲೇ ಓದು ಬಿಟ್ಟು ಗ್ಯಾರೇಜ್ ಸೇರಿದರು. ಸ್ವಂತ ಕಾರು ಕೊಳ್ಳುವ ಶಕ್ತಿ ಇರಲಿಲ್ಲ, ಊರಿನವರೇ ಚಂದಾ ಎತ್ತಿದರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಗೆ ಹೋಗಿ ವಾಪಸ್ ಬರುವ ರೇಸ್ ಗೆದ್ದರು. ಸುಮಾರು 9,500 ಕಿಲೋಮೀಟರ್, ಷೆವ್ರೊಲೆ ಕಾರಿನಲ್ಲಿ. ಮಣ್ಣಿನ ರಸ್ತೆ, ಆಂಡಿಸ್ ಬೆಟ್ಟದ ಘಾಟಿ, ಉಸಿರು ಸಿಗದ ಎತ್ತರ. ಕೆಟ್ಟರೆ ತಾವೇ ಕೆಳಗೆ ನುಸುಳಿ ರಿಪೇರಿ ಮಾಡಬೇಕು. ದಿನ ದಿನ ಅದೇ ಪಾಡು.

ಅದನ್ನು ಮುಗಿಸಿದವರಿಗೆ ಮೂರು ಗಂಟೆಯ ಅಳತೆಯೇ ಬೇರೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಕಾರಿಗೆ ಎಷ್ಟು ನೋವಾಗುತ್ತಿದೆ, ತನಗೆ ಎಷ್ಟು ಆಗುತ್ತಿದೆ, ಎಲ್ಲ ಗೊತ್ತಿರುತ್ತದೆ. ತವರು ಅವರಿಗೆ ಕೊಟ್ಟಿದ್ದು ಆ ರಸ್ತೆಗಳನ್ನು. ಆ ಬಿಸಿಲಿನಲ್ಲಿ ತಾನು ಹಿಮದಲ್ಲಿದ್ದೇನೆ ಅಂತ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುತ್ತಾ ಓಡಿಸಿದೆ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅರ್ಧ ದಾರಿಯಲ್ಲಿ ನನಗೆ ಸಾಕಾಗಿದೆ ಅಂದುಕೊಳ್ಳುವವರಿಗೆ ಹೊಳೆಯುವ ಉಪಾಯ ಅಲ್ಲ ಅದು.

ಮರ್ಸಿಡಿಸ್ ಒಳ್ಳೆಯ ಕಾರು, ಹಾಗಾಗಿ ಗೆದ್ದರು ಅಂತ ಕೆಲವರು ಹೇಳುತ್ತಾರೆ. ಒಳ್ಳೆಯ ಕಾರೇ. ಅವತ್ತು ಅದೇ ಕಾರು ನಾಲ್ಕು ಇದ್ದವು. ಕ್ಲಿಂಗ್ ಅವರದು ಶುರುವಿನಲ್ಲೇ ಅಪಘಾತಕ್ಕೆ ಸಿಕ್ಕಿತು. ಮಾಸ್ ಅವರದು ನಿಂತುಹೋಯಿತು. ಹೆರ್ಮನ್ ಅವರದನ್ನು ಗುರಿ ಮುಟ್ಟಿಸಲು ಮೂವರು ಬೇಕಾದರು. ನಾಲ್ಕನೆಯದು ಫಾಂಜಿಯೊದು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಆ ರೇಸಿಗೆ ಐದೂವರೆ ತಿಂಗಳ ಹಿಂದೆ, 1954ರ ಜುಲೈ 31ರಂದು, ನೂರ್ಬರ್ಗ್‌ರಿಂಗ್‌ನಲ್ಲಿ ಅಭ್ಯಾಸದ ವೇಳೆ ಒನೊಫ್ರೆ ಮಾರಿಮೋನ್ ತೀರಿಕೊಂಡಿದ್ದರು. ಅರ್ಜೆಂಟೀನಾದ ಹುಡುಗ, ಫಾಂಜಿಯೊ ಕೈಹಿಡಿದು ಬೆಳೆಸಿದವರು. ಅವತ್ತು ಫಾಂಜಿಯೊ, ಗೊನ್ಸಾಲೆಸ್ ಇಬ್ಬರೂ ಅತ್ತಿದ್ದರು. ಅದಾದ ಮೇಲೆ ತವರಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ರೇಸ್ ಇದು. ಇಬ್ಬರೂ ಮೊದಲ ಸಾಲಿನಿಂದ ಹೊರಟರು. ಅದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗಿನ ಕಾಲಕ್ಕೆ ಬನ್ನಿ. 2023ರಲ್ಲಿ ಕತಾರ್ ರೇಸಿನ ಸೆಕೆಗೆ ಒಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡರು, ಸಾರ್ಜೆಂಟ್ ನಡುವೆಯೇ ಕಾರು ನಿಲ್ಲಿಸಿ ಇಳಿದರು. ಅದಾದ ಮೇಲೆ ನಿಯಮ ಬಂತು. ಸೆಕೆ 31 ಡಿಗ್ರಿ ದಾಟುವ ಅಂದಾಜಿದ್ದರೆ ಮೈ ತಂಪಾಗಿಡುವ ಅಂಗಿಯ ವ್ಯವಸ್ಥೆ ಕಾರಿನಲ್ಲಿ ಇರಬೇಕು. 2025ರ ಸಿಂಗಪುರ ರೇಸಿನಲ್ಲಿ ಮೊದಲ ಸಲ ಅದು ಜಾರಿಗೆ ಬಂತು. ತುಂಬಾ ಒಳ್ಳೆಯ ನಿಯಮ. ಹಳೇ ಕಾಲದವರು ಗಟ್ಟಿ, ಈಗಿನವರು ಮೆತ್ತಗೆ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ಈಗಿನವರು ಮೈಮೇಲೆ ಬೆಂಕಿ ತಡೆಯುವ ದಪ್ಪ ಬಟ್ಟೆ ಹಾಕಿಕೊಂಡು ಆಗಿನವರು ಕಾಣದ ವೇಗದಲ್ಲಿ ತಿರುವು ತೆಗೆದುಕೊಳ್ಳುತ್ತಾರೆ. 1955ರಲ್ಲಿ ಫಾಂಜಿಯೊಗೆ ಅಂಥ ಅಂಗಿ ಸಿಕ್ಕಿದ್ದರೆ ಅವರೂ ಖುಷಿಯಿಂದ ಹಾಕಿಕೊಳ್ಳುತ್ತಿದ್ದರು.

ಸೀಸನ್ನಿನ ಮೊದಲ ರೇಸನ್ನು ತವರಿನಲ್ಲಿ ಗೆಲ್ಲುವುದು ಎಷ್ಟು ಕಷ್ಟ ಅಂತ ನೋಡಬೇಕಾದರೆ ಆಸ್ಟ್ರೇಲಿಯಾದ ಕಡೆ ನೋಡಿ. 2014ರಲ್ಲಿ ಮೆಲ್ಬರ್ನ್‌ನಲ್ಲಿ ರಿಕಿಯಾರ್ಡೊ ಎರಡನೆಯವರಾಗಿ ಬಂದರು, ಜನ ಕುಣಿದರು. ಇಂಧನದ ನಿಯಮ ಮೀರಿತು ಅಂತ ರಾತ್ರಿ ಅವರನ್ನು ಪಟ್ಟಿಯಿಂದಲೇ ತೆಗೆದರು. 2025ರಲ್ಲಿ ಪಿಯಾಸ್ಟ್ರಿ ಎರಡನೇ ಸ್ಥಾನದಲ್ಲಿದ್ದರು. ಮಳೆ ಬಂತು, ಕಾರು ಜಾರಿ ಹುಲ್ಲಿಗೆ ಹೋಯಿತು, ಒಂಬತ್ತನೆಯವರಾದರು. ಇನ್ನೊಂದು ಕಡೆ ಬ್ರೆಜಿಲ್‌ನ ಪಿಕೆ, 1983 ಮತ್ತು 1986ರಲ್ಲಿ ತಮ್ಮೂರು ರಿಯೊದಲ್ಲಿ ಮೊದಲ ರೇಸ್ ಗೆದ್ದವರು. ಫಾಂಜಿಯೊ 1954ರಿಂದ 1957ರವರೆಗೆ ಸಾಲಾಗಿ ನಾಲ್ಕು ಸಲ ಗೆದ್ದರು. ಅದರಲ್ಲಿ 1956ರದು ಮಾತ್ರ ತಂಡದ ಇನ್ನೊಬ್ಬ ಡ್ರೈವರ್ ಮುಸ್ಸೊ ಜೊತೆ ಹಂಚಿಕೊಂಡದ್ದು.

1955ರ ಆ ರೇಸಿನಲ್ಲಿ ಬಿಸಿ ಕಬ್ಬಿಣ ತಾಗಿ ಫಾಂಜಿಯೊ ಕಾಲು ಸುಟ್ಟಿತ್ತು, ಆ ಗಾಯ ಮಾಯಲು ಸುಮಾರು ಮೂರು ತಿಂಗಳು ಹಿಡಿಯಿತಂತೆ. ಗುರುತು ಕೊನೆಯವರೆಗೂ ಹೋಗಲಿಲ್ಲ. ಆದರೆ ಆ ಮೂರು ತಿಂಗಳು ಅವರು ಮನೆಯಲ್ಲಿ ಮಲಗಲಿಲ್ಲ. ಎರಡು ವಾರ ಕಳೆದು, ಜನವರಿ 30ರಂದು, ಅದೇ ಊರಿನಲ್ಲಿ ಇನ್ನೊಂದು ರೇಸ್ ಇತ್ತು. ಚಾಂಪಿಯನ್‌ಶಿಪ್ಪಿಗೆ ಸೇರದ್ದು, ಎರಡು ಹಂತದ್ದು. ಇನ್ನೂ ಆರದ ಆ ಕಾಲನ್ನು ಮತ್ತೆ ಮರ್ಸಿಡಿಸ್ ಒಳಗೆ ಇಳಿಸಿದರು. ಎರಡೂ ಹಂತದ ಸಮಯ ಕೂಡಿಸಿ ನೋಡಿದಾಗ ಮೊದಲು ಇದ್ದ ಹೆಸರು ಫಾಂಜಿಯೊ.