ವರ್ಷಗಳ ನಂತರ ಹಾರ್ಡ್‌ವೇರ್ ವಾಲೆಟ್ ತೆರೆಯುವಾಗ ಅಪ್‌ಡೇಟ್ ಕೊನೆಗಿರಲಿ

ಹಲವು ವರ್ಷ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದ ಹಾರ್ಡ್‌ವೇರ್ ವಾಲೆಟ್ ಒಂದನ್ನು, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಕೀಗಳನ್ನು ಕಾಯುವ ಪುಟ್ಟ ಸಾಧನವನ್ನು, ಕಂಪ್ಯೂಟರ್‌ಗೆ ಜೋಡಿಸಿದಾಗ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು, ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ಹಳೆಯದಾಗಿದೆ, ಅಪ್‌ಡೇಟ್ ಮಾಡಿ ಎಂಬ ಸಂದೇಶ ಮತ್ತು ಅದರ ಕೆಳಗಿರುವ ಒಂದು ಬಟನ್. ಆ ಬಟನ್ ಒತ್ತಲೇಬೇಕಾದ ಸಂದರ್ಭಗಳು ಇವೆ. ಆದರೆ ಅದು ಮಾಡಬೇಕಾದ ಕೆಲಸಗಳಲ್ಲಿ ಕೊನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದಿನ ಸಂಚಿಕೆಯಲ್ಲಿ ಅದಕ್ಕೆ ಕಾರಣಗಳನ್ನು ನಿಧಾನವಾಗಿ ಹೇಳುತ್ತೇನೆ. ಕೇಳುತ್ತಿರುವವರಲ್ಲಿ ಯಾರಾದರೂ ಈಗಷ್ಟೇ ಹಳೆಯ ವಾಲೆಟ್ ಹುಡುಕಿ ತೆಗೆದಿದ್ದರೆ, ಈ ಮಾತು ಮುಗಿಯುವ ತನಕ ದಯವಿಟ್ಟು ಅದನ್ನು ಯಾವುದಕ್ಕೂ ಜೋಡಿಸಬೇಡಿ.

ಮೊದಲು, ಆ ಸಾಧನದಲ್ಲಿ ಏನಿದೆ ಎಂಬುದು ಸ್ಪಷ್ಟವಾಗಬೇಕು. ಬಿಟ್‌ಕಾಯಿನ್ ಆಗಲಿ ಈಥರ್ ಆಗಲಿ ಅದರೊಳಗೆ ಇರುವುದಿಲ್ಲ. ಅವುಗಳ ಲೆಕ್ಕ ಇರುವುದು ಬ್ಲಾಕ್‌ಚೈನ್ ಎಂಬ, ಜಾಲದಲ್ಲಿ ಎಲ್ಲರೂ ನೋಡಬಹುದಾದ ಲೆಕ್ಕಪುಸ್ತಕದಲ್ಲಿ. ಸಾಧನದೊಳಗೆ ಇರುವುದು ಅವನ್ನು ಖರ್ಚು ಮಾಡಲು ಬೇಕಾದ ಖಾಸಗಿ ಕೀಗಳು ಮಾತ್ರ. ಆ ಕೀಗಳೆಲ್ಲವೂ ಹುಟ್ಟುವುದು ನೀವು ಮೊದಲ ದಿನ ಕಾಗದದ ಮೇಲೆ ಬರೆದುಕೊಂಡ 12 ಅಥವಾ 24 ಸೀಡ್ ಪದಗಳಿಂದ. ಪದಗಳು ಸರಿಯಾಗಿದ್ದರೆ ಸಾಧನ ನೀರಿಗೆ ಬಿದ್ದರೂ, ಒಡೆದರೂ, ಅಪ್‌ಡೇಟ್ ಅರ್ಧಕ್ಕೆ ನಿಂತು ಕೆಟ್ಟರೂ ಹೊಸ ಸಾಧನದಲ್ಲಿ ಎಲ್ಲವನ್ನೂ ಮರಳಿ ಪಡೆಯಬಹುದು. ಪದಗಳು ಕಳೆದುಹೋಗಿದ್ದರೆ ಅಥವಾ ಅಂದು ಬರೆಯುವಾಗಲೇ ಒಂದು ಪದ ತಪ್ಪಿದ್ದರೆ, ನಿಮ್ಮ ಕೈಯಲ್ಲಿರುವ ಆ ಹಳೆಯ ಸಾಧನವೇ ಆ ಕೀಗಳ ಏಕೈಕ ಪ್ರತಿ. ಏಕೈಕ ಪ್ರತಿಯ ಮೇಲೆ ಫರ್ಮ್‌ವೇರ್ ಬದಲಿಸುವ ಕೆಲಸವನ್ನು ಯಾವ ವಿವೇಕಿಯೂ ಮಾಡಬಾರದು. ನೀವು ಈ ಎರಡರಲ್ಲಿ ಯಾವ ಸ್ಥಿತಿಯಲ್ಲಿದ್ದೀರಿ ಎಂಬುದು ಪರೀಕ್ಷಿಸದೆ ತಿಳಿಯುವುದಿಲ್ಲ. ಅಪ್‌ಡೇಟ್ ಬಟನ್ ಒತ್ತುವ ಬಹುಪಾಲು ಜನ ಆ ಪರೀಕ್ಷೆ ಮಾಡಿರುವುದಿಲ್ಲ ಎಂಬುದೇ ನನ್ನ ಆತಂಕ.

ಎರಡನೆಯ ಆತಂಕ ಮನುಷ್ಯನದು. ದಿನನಿತ್ಯ ವಾಲೆಟ್ ಬಳಸುವವನಿಗೆ ಪರದೆಯಲ್ಲಿ ಏನು ಸಹಜ, ಏನು ವಿಚಿತ್ರ ಎಂಬ ಅಂದಾಜು ಇರುತ್ತದೆ. ವರ್ಷಗಳ ನಂತರ ಮರಳಿದವನಿಗೆ ಎಲ್ಲವೂ ಹೊಸದಾಗಿ ಕಾಣುವುದರಿಂದ ಮೋಸದ ಸಂದೇಶವೂ ಹೊಸ ಪದ್ಧತಿಯೇ ಇರಬೇಕು ಎನ್ನಿಸಿಬಿಡುತ್ತದೆ. ಇದಕ್ಕೆ ಎಲೆಕ್ಟ್ರಮ್ ಎಂಬ ಬಿಟ್‌ಕಾಯಿನ್ ತಂತ್ರಾಂಶದ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಹಳೆಯ ಆವೃತ್ತಿಗಳಲ್ಲಿ ಸರ್ವರ್ ಕಳುಹಿಸಿದ ದೋಷಸಂದೇಶವನ್ನು ತಂತ್ರಾಂಶ ತನ್ನದೇ ಸಂದೇಶವೆಂಬಂತೆ ತೋರಿಸುತ್ತಿತ್ತು. 2018ರ ಡಿಸೆಂಬರ್‌ನಿಂದ ವಂಚಕರು ತಮ್ಮದೇ ಸರ್ವರ್‌ಗಳನ್ನು ನಡೆಸುತ್ತಾ, ಹಣ ಕಳುಹಿಸಲು ಹೋದವರಿಗೆ "ಭದ್ರತೆಗಾಗಿ ಅಪ್‌ಡೇಟ್ ಮಾಡಿ" ಎಂದು ತೋರಿಸಿ ನಕಲಿ ತಂತ್ರಾಂಶ ಇಳಿಸಿಕೊಳ್ಳುವಂತೆ ಮಾಡಿದರು. 2017ರಿಂದ ವಾಲೆಟ್ ಮುಟ್ಟದೆ ಇದ್ದ ಒಬ್ಬರು 2020ರಲ್ಲಿ ಹಳೆಯ ಆವೃತ್ತಿಯನ್ನು ತೆರೆದು, ಅದು ಹೇಳಿದಂತೆ ಅಪ್‌ಡೇಟ್ ಮಾಡಿ, ಸುಮಾರು 1,400 ಬಿಟ್‌ಕಾಯಿನ್ ಕಳೆದುಕೊಂಡೆನೆಂದು ಹೇಳಿಕೊಂಡರು. ಅವರು ದುರಾಸೆಯಿಂದ ಏನನ್ನೂ ಮಾಡಿರಲಿಲ್ಲ. ಎಲ್ಲರೂ ಕೊಡುವ ಬುದ್ಧಿವಾದವನ್ನು, ಅಂದರೆ ತಂತ್ರಾಂಶವನ್ನು ಹೊಸದಾಗಿಡಿ ಎಂಬ ಮಾತನ್ನು ಪಾಲಿಸಿದ್ದರು.

ಇದು ಕಂಪ್ಯೂಟರ್‌ನಲ್ಲೇ ಕೀಗಳಿದ್ದ ವಾಲೆಟ್‌ನ ಕಥೆ, ನಿಜ. ಕೀಗಳು ಹಾರ್ಡ್‌ವೇರ್ ವಾಲೆಟ್‌ನಲ್ಲಿ ಇದ್ದಿದ್ದರೆ ನಕಲಿ ತಂತ್ರಾಂಶ ಒಂದೋ ಸಾಧನದ ಪುಟ್ಟ ಪರದೆಯಲ್ಲಿ ಹಣ ಹೋಗಬೇಕಾದ ವಿಳಾಸದ ಬದಲು ಬೇರೆ ವಿಳಾಸ ತೋರಿಸಿ ನಿಮ್ಮಿಂದ ಒಪ್ಪಿಗೆ ಪಡೆಯಬೇಕಾಗಿತ್ತು, ಇಲ್ಲವೇ ನಿಮ್ಮ ಸೀಡ್ ಪದಗಳನ್ನೇ ಕೇಳಬೇಕಾಗಿತ್ತು. ಈ ಎರಡನೆಯ ದಾರಿಯನ್ನೇ ವಂಚಕರು ಈಗ ಹಿಡಿದಿದ್ದಾರೆ.

ದಾರಿ ಸುಲಭವಾಗಲು ಇನ್ನೊಂದು ಕಾರಣವಿದೆ. ನೀವು ಅಂದು ಬಳಸಿದ ತಂತ್ರಾಂಶ ಇಂದು ಅದೇ ರೂಪದಲ್ಲಿ ಇರುವುದಿಲ್ಲ. ಹಾರ್ಡ್‌ವೇರ್ ವಾಲೆಟ್ ತಯಾರಿಸುವ ಎರಡು ಸಂಸ್ಥೆಗಳು ಲೆಡ್ಜರ್ ಮತ್ತು ಟ್ರೆಜರ್. ಲೆಡ್ಜರ್ ಸಾಧನಗಳನ್ನು ಮೊದಲು ಕ್ರೋಮ್ ಬ್ರೌಸರ್‌ನ ಆ್ಯಪ್‌ಗಳ ಮೂಲಕ ಬಳಸುತ್ತಿದ್ದರು. 2018ರಲ್ಲಿ ಲೆಡ್ಜರ್ ಲೈವ್ ಎಂಬ ತಂತ್ರಾಂಶ ಬಂತು. ಟ್ರೆಜರ್‌ನವರು ಬ್ರೌಸರ್‌ನಲ್ಲಿ ತೆರೆಯುತ್ತಿದ್ದ ವಾಲೆಟ್‌ನಿಂದ 2021ರಲ್ಲಿ ಟ್ರೆಜರ್ ಸೂಟ್ ಎಂಬ ತಂತ್ರಾಂಶಕ್ಕೆ ಬಂದರು. ಹಳೆಯದು ತೆರೆಯದೆ ಇದ್ದಾಗ ಜನ ಸರ್ಚ್ ಎಂಜಿನ್‌ನಲ್ಲಿ ಹುಡುಕುತ್ತಾರೆ, ಮತ್ತು ಹುಡುಕಾಟದ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಅನೇಕ ಸಲ ಜಾಹೀರಾತು. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ಆ್ಯಪ್ ಸ್ಟೋರ್‌ನಲ್ಲೇ ನಕಲಿ ಲೆಡ್ಜರ್ ಲೈವ್ ಇದ್ದು, ಹಲವರು ಅದಕ್ಕೆ ತಮ್ಮ ಪದಗಳನ್ನು ಕೊಟ್ಟು ಹಣ ಕಳೆದುಕೊಂಡರು. 2020ರಲ್ಲಿ ಲೆಡ್ಜರ್ ಸಂಸ್ಥೆಯ ಗ್ರಾಹಕರ ಮಾಹಿತಿ ಸೋರಿದಾಗ ಸುಮಾರು 2,72,000 ಜನರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆಗಳು ಹೊರಬಿದ್ದವು. ಮರುವರ್ಷ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. ಆದ್ದರಿಂದ ಇ-ಮೇಲ್, ಕಾಗದದ ಪತ್ರ, ಜಾಹೀರಾತು, ಸ್ಟೋರ್ ಯಾವುದರ ಮೂಲಕವೂ ತಂತ್ರಾಂಶ ಪಡೆಯಬೇಡಿ. ತಯಾರಕರ ಜಾಲತಾಣದ ವಿಳಾಸವನ್ನು ಸಾಧನದ ಜೊತೆ ಬಂದ ಕೈಪಿಡಿಯಿಂದ ನೋಡಿ, ಅಕ್ಷರ ಅಕ್ಷರವಾಗಿ ನೀವೇ ಟೈಪ್ ಮಾಡಿ.

ಹಾಗಾದರೆ ಶುರುಮಾಡುವುದು ಎಲ್ಲಿಂದ? ಸಾಧನವನ್ನು ಮುಟ್ಟದೆಯೇ ಮಾಡಬಹುದಾದ ಕೆಲಸದಿಂದ. ಹಿಂದೆ ಹಣ ಪಡೆದ ವಿಳಾಸಗಳು ಹಳೆಯ ಇ-ಮೇಲ್‌ಗಳಲ್ಲಿ, ನೀವು ನಾಣ್ಯ ಕೊಂಡ ಎಕ್ಸ್‌ಚೇಂಜ್‌ನ (ಖರೀದಿ-ಮಾರಾಟದ ತಾಣದ) ದಾಖಲೆಗಳಲ್ಲಿ ಸಿಗಬಹುದು. ಅವುಗಳನ್ನು ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನ ಲೆಕ್ಕ ತೋರಿಸುವ ಜಾಲತಾಣದಲ್ಲಿ, ಹಾಕಿ ನೋಡಿದರೆ ಹಣ ಅಲ್ಲೇ ಇದೆಯೇ ಎಂಬುದು ತಿಳಿಯುತ್ತದೆ. ಇದಕ್ಕೆ ಪಿನ್ ಬೇಡ, ಪದಗಳು ಬೇಡ. ಹಣ ಅಲ್ಲೇ ಇದೆ ಎಂದು ಕಂಡಮೇಲೆ ಮನಸ್ಸಿನ ಧಾವಂತ ಅರ್ಧ ಇಳಿಯುತ್ತದೆ, ಮತ್ತು ಮುಂದಿನ ಕೆಲಸಕ್ಕೆ ಆ ನಿಧಾನ ಬೇಕೇ ಬೇಕು.

ಈಗ ಆ ಕಾಗದ. ಅದನ್ನು ಬೆಳಕಿನಲ್ಲಿಟ್ಟು ಒಂದೊಂದೇ ಪದ ಓದಿ. ಬಿಐಪಿ-39 ಎಂಬ ಪದ್ಧತಿಯ ಪ್ರಕಾರ ಬಳಕೆಯಲ್ಲಿರುವ ಇಂಗ್ಲಿಷ್ ಪಟ್ಟಿಯಲ್ಲಿ 2,048 ಪದಗಳಿವೆ, ಮತ್ತು ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿರದಂತೆ ಆ ಪಟ್ಟಿಯನ್ನು ಆರಿಸಲಾಗಿದೆ. ಹೀಗಾಗಿ ಪದದ ಬಾಲ ಮಸುಕಾಗಿದ್ದರೂ ತಲೆ ಸ್ಪಷ್ಟವಿದ್ದರೆ ಸಾಕು. ಅವಸರದ ಕೈಬರಹದಲ್ಲಿ ತೊಡಕು ಬರುವುದು 'ವರ್ಡ್' ಮತ್ತು 'ವರ್ಲ್ಡ್' ಎಂಬಂಥ ಜೋಡಿಗಳಲ್ಲಿ. ಎರಡೂ ಪಟ್ಟಿಯಲ್ಲಿವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ಒಂದೇ ಒಂದು ಗೀಟಿನಂಥ ಅಕ್ಷರ. ಕ್ರಮಸಂಖ್ಯೆಗಳನ್ನೂ ನೋಡಿ, ಏಕೆಂದರೆ ಎರಡು ಕಾಲಂಗಳಲ್ಲಿ ಬರೆದಿದ್ದರೆ ಅಡ್ಡಲಾಗಿ ಓದಬೇಕೋ ಕೆಳಮುಖವಾಗಿ ಓದಬೇಕೋ ಎಂಬುದು ವರ್ಷಗಳ ನಂತರ ನೆನಪಿರುವುದಿಲ್ಲ. ಸಂದೇಹ ಬಂತೆಂದು ಆ ಪದಗಳ ಫೋಟೊ ತೆಗೆಯುವುದಾಗಲಿ, ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಪರೀಕ್ಷಿಸುವುದಾಗಲಿ ಖಂಡಿತ ಬೇಡ.

ಕಾಗದ ಓದಲು ಬರುತ್ತದೆ ಎಂದಮಾತ್ರಕ್ಕೆ ಪದಗಳು ಇದೇ ವಾಲೆಟ್‌ನವು ಎಂದು ಸಿದ್ಧವಾಗುವುದಿಲ್ಲ. ಬೀಗ ಬದಲಿಸುವ ಮುನ್ನ ಕೈಯಲ್ಲಿರುವ ಕೀಲಿಕೈ ತಿರುಗುತ್ತದೆಯೇ ಎಂದು ನೋಡುವಂತೆ ಇದನ್ನೂ ತಿರುಗಿಸಿ ನೋಡಬೇಕು. ಟ್ರೆಜರ್‌ನಲ್ಲಿ ಏನನ್ನೂ ಅಳಿಸದೆ ಪದಗಳನ್ನು ಹೋಲಿಸುವ ಸೌಲಭ್ಯವಿದೆ. ಲೆಡ್ಜರ್‌ನಲ್ಲಿ ಇದಕ್ಕೆಂದೇ ರಿಕವರಿ ಚೆಕ್ ಎಂಬ ಆ್ಯಪ್ ಇತ್ತು. ಇಲ್ಲೊಂದು ಸೂಕ್ಷ್ಮವಿದೆ. ಪದಗಳನ್ನು ಸಾಧನದ ಮೇಲೆ ಮಾತ್ರ ನಮೂದಿಸಬೇಕು ಎಂಬುದು ನಿಯಮ. ಆದರೆ ಎರಡೇ ಬಟನ್ ಇರುವ ಹಳೆಯ ಟ್ರೆಜರ್ ಒನ್‌ನ ಸಾಮಾನ್ಯ ವಿಧಾನದಲ್ಲಿ ಸಾಧನ ತನ್ನ ಪರದೆಯಲ್ಲಿ ಅಡ್ಡಾದಿಡ್ಡಿ ಕ್ರಮದಲ್ಲಿ "ಇಷ್ಟನೆಯ ಪದ" ಎಂದು ಕೇಳುತ್ತದೆ, ಮತ್ತು ನೀವು ಅದನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡುತ್ತೀರಿ. ಆ ಸಾಧನದಲ್ಲಿ ಸಾಧನದ ಪರದೆಯನ್ನೇ ನೋಡಿಕೊಂಡು ಅಕ್ಷರ ಆರಿಸುವ ಇನ್ನೊಂದು ವಿಧಾನವೂ ಇದೆ. ಸ್ವಲ್ಪ ಹೊತ್ತು ಹಿಡಿದರೂ ಅದನ್ನೇ ಆರಿಸಿ.

ನಿಜವಾದ ತೊಡಕು ಬರುವುದು, ಪರೀಕ್ಷೆಯ ಸೌಲಭ್ಯವೇ ಹಳೆಯ ಫರ್ಮ್‌ವೇರ್‌ನಲ್ಲಿ ಕೆಲಸ ಮಾಡದೆ, ಮೊದಲು ಅಪ್‌ಡೇಟ್ ಮಾಡಿ ಎಂದು ತಂತ್ರಾಂಶ ಹಟ ಹಿಡಿದಾಗ. ಅಲ್ಲಿ ಅನೇಕರು ಸೋತು ಬಟನ್ ಒತ್ತಿಬಿಡುತ್ತಾರೆ. ನನ್ನ ಸಲಹೆ ಬೇರೆ. ಒಳಗಿರುವ ಮೊತ್ತ ಒಂದು ಹೊಸ ಸಾಧನದ ಬೆಲೆಗಿಂತ ಸಾಕಷ್ಟು ಹೆಚ್ಚಿದ್ದರೆ, ತಯಾರಕರಿಂದ ನೇರವಾಗಿ ಹೊಸ ಸಾಧನ ತರಿಸಿಕೊಂಡು, ಕಾಗದದಲ್ಲಿರುವ ಪದಗಳನ್ನು ಅದಕ್ಕೆ ತುಂಬಿ, ಅದು ತೋರಿಸುವ ವಿಳಾಸಗಳು ನಿಮ್ಮ ಹಳೆಯ ವಿಳಾಸಗಳಿಗೆ ಹೊಂದುತ್ತವೆಯೇ ಎಂದು ನೋಡಿ. ಹೊಂದಿದರೆ ಹಳೆಯ ಸಾಧನವನ್ನು ಅಪ್‌ಡೇಟ್ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಹೊಂದದಿದ್ದರೆ ಹಳೆಯದು ಇನ್ನೂ ಹಾಗೆಯೇ, ಏನೂ ಆಗದೆ, ನಿಮ್ಮ ಕೈಯಲ್ಲಿರುತ್ತದೆ. ಈ ಎರಡನೆಯ ಸಾಧ್ಯತೆಗಾಗಿಯೇ ಆ ಖರ್ಚು.

ಹೊಂದಲಿಲ್ಲ ಎಂದ ಕೂಡಲೇ ಗಾಬರಿಯಾಗಬೇಡಿ. ಅಂದು ಪಾಸ್‌ಫ್ರೇಸ್, ಅಂದರೆ ಸೀಡ್ ಪದಗಳ ಜೊತೆಗೆ ನೀವೇ ಆರಿಸಿ ಸೇರಿಸುವ ಗುಪ್ತಪದ, ಇಟ್ಟಿದ್ದಿರಾ ನೆನಪಿಸಿಕೊಳ್ಳಿ. ಪಾಸ್‌ಫ್ರೇಸ್ ತಪ್ಪಾದರೆ ತಪ್ಪು ಎಂದು ಯಾವ ಸಾಧನವೂ ಹೇಳುವುದಿಲ್ಲ; ಬೇರೊಂದು ಖಾಲಿ ವಾಲೆಟ್ ತೆರೆದು ಸುಮ್ಮನಿರುತ್ತದೆ. ಇನ್ನೊಂದು ಕಾರಣ ವಿಳಾಸದ ಬಗೆ. ಹಳೆಯ ಬಿಟ್‌ಕಾಯಿನ್ ವಿಳಾಸಗಳು 1 ಅಥವಾ 3ರಿಂದ ಆರಂಭವಾಗುತ್ತಿದ್ದವು. ಇಂದಿನ ತಂತ್ರಾಂಶಗಳು ತಾವಾಗಿ ತೋರಿಸುವುದು ಹೆಚ್ಚಾಗಿ ಬಿಸಿ1 (bc1) ಎಂದು ಆರಂಭವಾಗುವ ವಿಳಾಸಗಳನ್ನು. ಖಾತೆ ಸೇರಿಸುವಾಗ ಹಳೆಯ ಬಗೆಯನ್ನು ಆರಿಸಿದರೆ ಶೂನ್ಯವಾಗಿದ್ದ ಲೆಕ್ಕ ಮರಳಿ ಬರುತ್ತದೆ. ಹಣ ಮಾಯವಾಯಿತೆಂದು ಬೆದರಿ "ಸಹಾಯವಾಣಿ" ಹುಡುಕಿ ವಂಚಕರ ಕೈಗೆ ಪದಗಳನ್ನು ಒಪ್ಪಿಸುವವರು ಬಹುತೇಕ ಈ ಘಳಿಗೆಯಲ್ಲೇ ಸಿಕ್ಕಿಬೀಳುತ್ತಾರೆ.

ಪಿನ್ ವಿಚಾರ ಚಿಕ್ಕದು, ಆದರೆ ಕ್ರಮ ಮುಖ್ಯ. ಲೆಡ್ಜರ್ 3 ಸಲ ತಪ್ಪು ಪಿನ್ ಕೊಟ್ಟರೆ ಒಳಗಿನದನ್ನು ಅಳಿಸಿಬಿಡುತ್ತದೆ. ಟ್ರೆಜರ್ ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚಿಸುತ್ತಾ ನಿಗದಿತ ಸಂಖ್ಯೆಯ ತಪ್ಪುಗಳ ನಂತರ ಅಳಿಸುತ್ತದೆ. ಪದಗಳ ಪರೀಕ್ಷೆ ಮುಗಿಯದೆ ಪಿನ್ ಊಹಿಸುವ ಆಟಕ್ಕೆ ಹೋಗಬೇಡಿ.

ಇಷ್ಟೆಲ್ಲ ಆದ ಮೇಲೆ ಅಪ್‌ಡೇಟ್ ಎಂಬುದು ಬಹಳ ಸಾಧಾರಣ ಕೆಲಸ. ಡೇಟಾ ಹೋಗುವ ಕೇಬಲ್ ಬಳಸಿ, ಚಾರ್ಜ್ ಮಾತ್ರ ಆಗುವ ಕೇಬಲ್ ಬೇಡ. ಬ್ಯಾಟರಿ ಇರುವ ಮಾದರಿಯಾದರೆ ಮೊದಲೇ ತುಂಬ ಚಾರ್ಜ್ ಮಾಡಿ. ತಯಾರಕರ ಡಿಜಿಟಲ್ ಸಹಿ ಇಲ್ಲದ ಫರ್ಮ್‌ವೇರ್ ಕಂಡರೆ ಸಾಧನ ತಾನೇ ಎಚ್ಚರಿಸುತ್ತದೆ ಅಥವಾ ನಿರಾಕರಿಸುತ್ತದೆ. ಆ ಎಚ್ಚರಿಕೆ ಬಂದರೆ ಅಲ್ಲೇ ನಿಲ್ಲಿಸಿ. ತುಂಬ ಹಳೆಯದಾದರೆ ಒಂದೇ ಜಿಗಿತಕ್ಕೆ ಹೊಸ ಆವೃತ್ತಿಗೆ ಹೋಗಲಾಗದೆ ನಡುವಿನ ಆವೃತ್ತಿಯೊಂದನ್ನು ದಾಟಬೇಕಾಗಬಹುದು. ಲೆಡ್ಜರ್‌ನಲ್ಲಿ ಒಳಗಿನ ಆ್ಯಪ್‌ಗಳು ಕಾಣೆಯಾಗಬಹುದು. ಮತ್ತೆ ಹಾಕಿಕೊಂಡರೆ ಖಾತೆಗಳು ಹಿಂದಿನಂತೆಯೇ ಇರುತ್ತವೆ. ಇಡೀ ಪ್ರಕ್ರಿಯೆಯಲ್ಲಿ ಕಂಪ್ಯೂಟರ್ ಪರದೆ ನಿಮ್ಮ ಪದಗಳನ್ನು ಕೇಳಿತೆಂದರೆ, ಆ ತಂತ್ರಾಂಶವನ್ನು ಮುಚ್ಚಿ ಕೇಬಲ್ ಕಿತ್ತುಬಿಡಿ.

ಅಪ್‌ಡೇಟ್ ಮಾಡಲೇಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಹಣ ಕಳುಹಿಸುವ ಉದ್ದೇಶವಿಲ್ಲದೆ ಸುಮ್ಮನೆ ಇಟ್ಟುಕೊಳ್ಳುವವರಿಗೆ ಯಾವ ಅವಸರವೂ ಇಲ್ಲ. ಜೋಡಿಸದ ಸಾಧನವನ್ನು ದೂರದಿಂದ ಯಾರೂ ಮುಟ್ಟಲಾರರು. ಕೈಗೆ ಸಿಕ್ಕ ಸಾಧನದ ಮಾತು ಬೇರೆ. 2020ರಲ್ಲಿ ಕ್ರಾಕೆನ್ ಎಂಬ ಎಕ್ಸ್‌ಚೇಂಜ್ ಸಂಸ್ಥೆಯ ಭದ್ರತಾ ತಂಡ ಟ್ರೆಜರ್‌ನ ಅಂದಿನ ಸಾಧನ ಕೈಗೆ ಸಿಕ್ಕರೆ ಸುಮಾರು 15 ನಿಮಿಷದಲ್ಲಿ ಸೀಡ್ ಹೊರತೆಗೆಯಬಹುದೆಂದು ತೋರಿಸಿತು. ಅದು ಚಿಪ್‌ನದೇ ದೌರ್ಬಲ್ಯವಾದ್ದರಿಂದ ಫರ್ಮ್‌ವೇರ್ ಬದಲಿಸಿದರೆ ಹೋಗುವಂಥದ್ದಲ್ಲ. ಬಲವಾದ ಪಾಸ್‌ಫ್ರೇಸ್ ಮಾತ್ರ ಅದಕ್ಕೆ ತಡೆ. ಇಂಥ ಹಳೆಯ ಸಾಧನಕ್ಕೆ ಹೊಸ ಫರ್ಮ್‌ವೇರ್ ಹಾಕಿ ನೆಮ್ಮದಿಯಾಗುವುದಕ್ಕಿಂತ ಹೊಸ ಸಾಧನದಲ್ಲಿ ಹೊಸ ಸೀಡ್ ಹುಟ್ಟಿಸಿ ಹಣವನ್ನು ಅಲ್ಲಿಗೆ ವರ್ಗಾಯಿಸುವುದೇ ಮೇಲು.

ತಯಾರಕರ ಬಗ್ಗೆಯೂ ಒಂದು ದೂರು ನನಗಿದೆ. ಅಪ್‌ಡೇಟ್‌ಗೆ ಮುನ್ನ ಅವರು "ನಿಮ್ಮ ಪದಗಳು ನಿಮ್ಮ ಬಳಿ ಇವೆಯೇ?" ಎಂದು ಕೇಳುತ್ತಾರೆ, ಬಳಕೆದಾರ ಒಂದು ಚೌಕಕ್ಕೆ ಟಿಕ್ ಹಾಕುತ್ತಾನೆ, ಕೆಲಸ ಮುಂದುವರಿಯುತ್ತದೆ. ವರ್ಷಗಳಿಂದ ಜೋಡಿಸದೆ ಇದ್ದ ಸಾಧನವನ್ನು ತಂತ್ರಾಂಶ ಅದರ ಹಳೆಯ ಆವೃತ್ತಿಯಿಂದಲೇ ಗುರುತಿಸಬಲ್ಲದು. ಅಂಥವರಿಗೆ ಪದಗಳ ಪರೀಕ್ಷೆಯನ್ನೇ ಮೊದಲ ಹೆಜ್ಜೆಯಾಗಿ ಮುಂದಿಡುವುದು ಕಷ್ಟವಲ್ಲ. ಹಳೆಯ ಫರ್ಮ್‌ವೇರ್‌ನಲ್ಲೂ ಆ ಪರೀಕ್ಷೆ ನಡೆಯುವಂತೆ ಉಳಿಸಿಕೊಳ್ಳುವುದು ಅವರ ಹೊಣೆ ಎಂದೇ ನಾನು ಭಾವಿಸುತ್ತೇನೆ.

ವರ್ಗಾವಣೆ ಮಾಡುವಾಗ ಮೊದಲು ಸಣ್ಣ ಮೊತ್ತ ಕಳುಹಿಸಿ, ವಿಳಾಸವನ್ನು ಸಾಧನದ ಪರದೆಯಲ್ಲಿ ಆರಂಭದಿಂದ ಕೊನೆಯವರೆಗೆ ಓದಿ ಹೋಲಿಸಿ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳುಹಿಸಿ. ಎಲ್ಲ ಮುಗಿದರೂ ಹಳೆಯ ಪದಗಳ ಕಾಗದವನ್ನು ಹರಿದು ಹಾಕಬೇಡಿ. ನಿಮ್ಮ ಹಳೆಯ ವಿಳಾಸವನ್ನು ಉಳಿಸಿಕೊಂಡಿರುವ ಯಾರೋ ಅದಕ್ಕೇ ಹಣ ಕಳುಹಿಸಬಹುದು, ಅಥವಾ ಮರೆತುಹೋದ ಟೋಕನ್ (ಬೇರೊಂದು ಬಗೆಯ ಡಿಜಿಟಲ್ ನಾಣ್ಯ) ಒಂದು ಇನ್ನೂ ಅಲ್ಲೇ ಉಳಿದಿರಬಹುದು. ಅದನ್ನು ತೆಗೆಯಲು ಆ ಪದಗಳೇ ಬೇಕಾಗುತ್ತವೆ.