ಸಂಕಲ್ಪಕ್ಕೆ ಬಾರ್ಲಿ ಕಾಳು ಮಣಿಯುತ್ತದೆಯೇ?

ಗುಣವಾಗಲಿ ಎಂದು ಒಬ್ಬರು ಮನಸ್ಸಿಟ್ಟು ಸಂಕಲ್ಪಿಸಿದರೆ, ಎದುರಿಗಿರುವ ವಸ್ತುವಿನಲ್ಲಿ ಅಳತೆಗೆ ಸಿಗುವ ಬದಲಾವಣೆಯೇನಾದರೂ ಆಗುತ್ತದೆಯೇ ಎಂಬುದು ವೀಕ್ಷಕರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ. ಇದನ್ನು ರೋಗಿಗಳ ಮೇಲೆ ಪರೀಕ್ಷಿಸುವುದು ಕಷ್ಟ. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳ ಪೈಕಿ, ಪ್ರಾರ್ಥನೆ ಸಂದವರಲ್ಲಿ ಶೇ 52, ಸಲ್ಲದವರಲ್ಲಿ ಶೇ 51 ಮಂದಿಗೆ ತೊಡಕುಗಳು ಕಾಣಿಸಿಕೊಂಡವು. ಪ್ರಾರ್ಥನೆ ಖಂಡಿತ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಆ ಪ್ರಮಾಣ ಶೇ 59! ಇದು ಆಕಸ್ಮಿಕವಿರಬಹುದು, ‘ಪ್ರಾರ್ಥನೆ ಬೇಕಾಗುವಷ್ಟು ಹದಗೆಟ್ಟಿದೆಯೇ ನನ್ನ ಸ್ಥಿತಿ’ ಎಂಬ ಆತಂಕವೂ ಇರಬಹುದು.

ಹಾಗಾದರೆ ಆತಂಕವನ್ನೇ ಅರಿಯದ ರೋಗಿ ಬೇಕು. 1960ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಬರ್ನಾರ್ಡ್ ಗ್ರಾಡ್ ಅವರಿಗೆ ಅಂಥ ರೋಗಿ ಬಾರ್ಲಿಯ ಬೀಜದಲ್ಲಿ ಸಿಕ್ಕಿತು. ಆದರೆ ಆರೋಗ್ಯವಾಗಿರುವ ಬೀಜದಲ್ಲಿ ಗುಣಪಡಿಸುವುದಕ್ಕೆ ಏನಿದೆ? ಆದ್ದರಿಂದ ಅವರು ಬೀಜಗಳಿಗೆ ಉಪ್ಪುನೀರು ಉಣಿಸಿ, ಅವುಗಳ ಬೆಳವಣಿಗೆಯನ್ನು ಬೇಕೆಂದೇ ಕುಂಠಿತಗೊಳಿಸಿದರು. ಚಿಕಿತ್ಸೆಯ ಪರೀಕ್ಷೆಗಾಗಿ ಮೊದಲು ಕಾಯಿಲೆಯನ್ನೇ ತಯಾರಿಸಿದ ಈ ಜಾಣತನ ನನಗೆ ಬಹಳ ಇಷ್ಟ. ಕೈಸ್ಪರ್ಶದಿಂದ ಗುಣಪಡಿಸಬಲ್ಲೆನೆನ್ನುತ್ತಿದ್ದ, ಹಂಗೇರಿಯ ಅಶ್ವದಳದ ನಿವೃತ್ತ ಅಧಿಕಾರಿ ಆಸ್ಕರ್ ಎಸ್ಟೆಬಾನಿ ಬೀಜವನ್ನು ಮುಟ್ಟಲೇ ಇಲ್ಲ, ಆ ಉಪ್ಪುನೀರಿನ ಪಾತ್ರೆಯನ್ನು ಅಂಗೈಗಳ ನಡುವೆ ಹಿಡಿದರು, ಅಷ್ಟೆ. ಅವರು ಹಿಡಿದ ನೀರು ಕುಡಿದ ಸಸಿಗಳು ಉಳಿದವಕ್ಕಿಂತ ಚೆನ್ನಾಗಿ ಬೆಳೆದವು ಎಂದು ಗ್ರಾಡ್ ವರದಿ ಮಾಡಿದರು. ಅಂಗೈಯ ಬಿಸಿಯೋ ಬೆವರೋ ಕಾರಣವಿರಬಹುದಲ್ಲವೇ ಎಂಬ ಸಂದೇಹಕ್ಕೆ ಉತ್ತರವಾಗಿ ಮುಂದೆ ಮುಚ್ಚಿದ ಸೀಸೆಗಳೂ ಬಂದವು. ಆದರೆ ಸೀಸೆಯ ಮುಚ್ಚಳ ಬೆವರನ್ನು ತಡೆಯಬಲ್ಲುದೇ ಹೊರತು ಬಿಸಿಯನ್ನಲ್ಲ. ಒಬ್ಬರೇ ಚಿಕಿತ್ಸಕರು, ಒಂದೇ ಪ್ರಯೋಗಾಲಯ ಎಂಬ ಕೊರತೆಯಂತೂ ಇದ್ದೇ ಇದೆ.

ಬಿಸಿ, ಬೆವರುಗಳ ಗೊಡವೆಯೇ ಇಲ್ಲದಂತೆ ಯಂತ್ರವನ್ನೇ ಎದುರಿಗಿಟ್ಟರೆ? 1979ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ಜಾನ್ ಆರಂಭಿಸಿದ ಪ್ರಯೋಗಾಲಯದಲ್ಲಿ ಯಾದೃಚ್ಛಿಕವಾಗಿ ಸೊನ್ನೆ–ಒಂದುಗಳನ್ನು ಹೊರಹಾಕುವ ಯಂತ್ರಗಳನ್ನು ಜನರು ಮನಸ್ಸಿನಿಂದಲೇ ಒಂದು ಕಡೆಗೆ ವಾಲಿಸಲು ಯತ್ನಿಸಿದರು. ಇಲ್ಲಿರುವುದು ಗುಣಪಡಿಸುವ ಸಂಕಲ್ಪವಲ್ಲ, ಬರಿಯ ಸಂಕಲ್ಪ. ಕಂಡಿತೆಂದು ಹೇಳಲಾದ ವಾಲುವಿಕೆ ಹತ್ತು ಸಾವಿರಕ್ಕೆ ಕೆಲವೇ ಅಂಶಗಳಷ್ಟು. ಪ್ರಿನ್ಸ್‌ಟನ್ನೂ ಜರ್ಮನಿಯ ಎರಡು ಪ್ರಯೋಗಾಲಯಗಳೂ ಜೊತೆಯಾಗಿ ನಡೆಸಿ 2000ದಲ್ಲಿ ಪ್ರಕಟಿಸಿದ ಮರುಪರೀಕ್ಷೆಯಲ್ಲಿ ಅದು ಮತ್ತೆ ಕಾಣಲಿಲ್ಲ. ಇಂಥ 380 ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯಲ್ಲಿ ಅಧ್ಯಯನ ದೊಡ್ಡದಾದಷ್ಟೂ ಪರಿಣಾಮ ಕಿರಿದಾಗಿತ್ತು. ಗೆದ್ದ ಸಣ್ಣ ಪ್ರಯೋಗಗಳಷ್ಟೇ ಅಚ್ಚಾಗಿ, ಸೋತವು ಕಪಾಟಿನಲ್ಲೇ ಉಳಿದಾಗ ಕಾಣುವುದು ಇದೇ ಚಿತ್ರ.

ಸಮಯ ಮೀರುತ್ತಿರುವುದರಿಂದ ಕೊನೆಯ ಪ್ರಯೋಗವನ್ನು ಚುಟುಕಾಗಿ ಹೇಳುತ್ತೇನೆ. ಎಮಿಲಿ ರೋಸಾ ಎಂಬ ಬಾಲಕಿ ಒಂಬತ್ತನೆಯ ವಯಸ್ಸಿನಲ್ಲಿ, ದೇಹದ ‘ಶಕ್ತಿವಲಯ’ವನ್ನು ಅಂಗೈಯಿಂದ ಅರಿಯಬಲ್ಲೆವೆನ್ನುವ 21 ಚಿಕಿತ್ಸಕರನ್ನು ಪರದೆಯ ಆಚೆ ಕೂರಿಸಿ, ತನ್ನ ಕೈ ಅವರ ಯಾವ ಕೈಯ ಬಳಿಯಿದೆ ಎಂದು ಕೇಳಿದಳು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 280 ಬಾರಿಯಲ್ಲಿ ಸರಿಯುತ್ತರ 123. ಕಣ್ಣುಮುಚ್ಚಿ ಊಹಿಸಿದ್ದರೂ 140ರ ಆಸುಪಾಸಿಗೆ ಬರಬೇಕಿತ್ತು.